ಬೈಪಾಸ್ ಬಂದ ಮೇಲೆ ಮಂಡ್ಯ ಪೇಟೆ: ಮನವಿಯಲ್ಲಿ ಏನು ಬರೆಯೋಣ?

ಪಾತ್ರೆ ಅಂಗಡಿ ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮದು ಪೇಟೆ ಬೀದಿ ಹತ್ತಿರ ಸ್ಟೀಲ್ ಪಾತ್ರೆ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ಗಲ್ಲಾದಲ್ಲಿ ನಾನು ಕೂರುತ್ತೇನೆ. ವ್ಯಾಪಾರ ಹೇಗಿದೆ ಅಂತ ಕೇಳಿದರೆ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಬೈಪಾಸ್ ಆಯ್ತಲ್ಲ, ಇನ್ನೇನಿದೆ.

2023ರ ಮಾರ್ಚ್‌ನಲ್ಲಿ ಮಂಡ್ಯವನ್ನು ಬಳಸಿ ಹೊರಗಿಂದಲೇ ಹೋಗೋ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಅದಕ್ಕೆ ಮುಂಚೆ ಬೆಂಗಳೂರು ಮೈಸೂರು ಗಾಡಿಗಳೆಲ್ಲ ಊರ ಮಧ್ಯದಲ್ಲೇ ಹಾದು ಹೋಗುತ್ತಿದ್ದವು. ಶನಿವಾರ ಭಾನುವಾರ ಸಂಜಯ ಸರ್ಕಲ್‌ನಲ್ಲಿ ರಸ್ತೆ ದಾಟೋದೇ ಒಂದು ಸಾಹಸ. ಈಗ ಆರಾಮಾಗಿ ದಾಟಬಹುದು, ಆದರೆ ಹಳೆ ರಸ್ತೆ ಪಕ್ಕದ ಹೋಟೆಲುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತೆ.

ವರ್ತಕರೆಲ್ಲ ಸೇರಿ ಒಂದು ಮನವಿ ಕೊಡಬೇಕು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮಾತು ನಡೀತಿದೆ. ಇಲ್ಲಿಯವರೆಗೆ ಬಂದಿರುವ ಬೇಡಿಕೆಗಳು ಇವು: ಎಕ್ಸ್‌ಪ್ರೆಸ್‌ವೇಯಿಂದ ಊರಿಗೆ ತಿರುಗುವ ಕಡೆ ದೊಡ್ಡ ಸ್ವಾಗತ ಕಮಾನು ಮತ್ತು ಬೋರ್ಡು, ಫುಟ್‌ಪಾತ್ ವ್ಯಾಪಾರಿಗಳನ್ನು ಎಬ್ಬಿಸೋದು, ಪಾರ್ಕಿಂಗ್, ಹೊರಗಿನ ದೊಡ್ಡ ಮಾರ್ಟ್‌ಗಳಿಗೆ ಪರ್ಮಿಷನ್ ಕೊಡಬಾರದು ಅಂತ. ನನಗೆ ಇದರಲ್ಲಿ ಅರ್ಧ ಸುಮ್ನೆ ಸಿಟ್ಟಿಗೆ ಬರೆದ ಹಾಗೆ ಕಾಣುತ್ತೆ. ನಿಜವಾಗಿ ಗಿರಾಕಿಯನ್ನು ಅಂಗಡಿ ಬಾಗಿಲಿಗೆ ತರೋದು ಯಾವುದು? ಬೇರೆ ಊರಲ್ಲಿ ಏನಾದರೂ ಮಾಡಿ ಫಲ ಕಂಡಿದ್ದರೆ ಹೇಳಿ. ಉಪದೇಶ ಬೇಡ, ಕೆಲಸಕ್ಕೆ ಬರೋದು ಹೇಳಿ.

ಚಿಲ್ಲರೆ ಮಾತು

ಕಮಾನು ಖಂಡಿತ ಕಟ್ಟಿಸಿ ಸಾರ್. ಕಂಟ್ರಾಕ್ಟರ್‌ಗಾದರೂ ವ್ಯಾಪಾರ ಆಗುತ್ತೆ.

ಲೆಕ್ಕ ಬರೆಯೋನು

ನಾನು ಮಂಡ್ಯ, ಮದ್ದೂರು ಕಡೆ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ. ಹಾಗಾಗಿ ಬೇರೆಬೇರೆ ಅಂಗಡಿಗಳ ಬಿಲ್ಲು ಕಣ್ಣ ಮುಂದೆ ಹಾಯುತ್ತವೆ. ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಬೈಪಾಸ್‌ನಿಂದ ಹೊಡೆತ ತಿಂದಿದ್ದು ಯಾರು? ಹೋಟೆಲ್, ಬೇಕರಿ, ಎಳನೀರು, ಪಂಚರ್ ಅಂಗಡಿ, ಪೆಟ್ರೋಲ್ ಬಂಕ್. ಇವರದ್ದು ನಿಜವಾದ ನಷ್ಟ, ಅದರಲ್ಲಿ ಎರಡು ಮಾತಿಲ್ಲ. 118 ಕಿಲೋಮೀಟರ್ ರಸ್ತೆಯನ್ನು ಊರುಗಳ ಹೊರಗೆ ಹಾಯಿಸಿದ್ದೇ ಯಾರೂ ಮಧ್ಯದಲ್ಲಿ ನಿಲ್ಲಬಾರದು ಅಂತ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಶ್ರೀರಂಗಪಟ್ಟಣ, ಎಲ್ಲರದ್ದೂ ಇದೇ ಕಥೆ. ಚನ್ನಪಟ್ಟಣದ ಗೊಂಬೆ ಅಂಗಡಿ, ಮದ್ದೂರಿನ ವಡೆ, ಇವೆಲ್ಲ ರಸ್ತೆಯನ್ನೇ ನಂಬಿಕೊಂಡಿದ್ದ ವ್ಯಾಪಾರ.

ಆದರೆ ನಿಮ್ಮ ಪಾತ್ರೆ ಅಂಗಡಿಗೂ ಬೆಂಗಳೂರು ಕಾರಿಗೂ ಏನು ಸಂಬಂಧ? ಮೈಸೂರು ಅರಮನೆ ನೋಡೋಕೆ ಹೊರಟವನು ದಾರಿಯಲ್ಲಿ ಇಳಿದು ಇಡ್ಲಿ ಕುಕ್ಕರ್ ತಗೊಂಡು ಹೋಗುತ್ತಿದ್ದನಾ? ಬಟ್ಟೆ, ಚಿನ್ನ, ಪಾತ್ರೆ, ಗೊಬ್ಬರ, ಹಾರ್ಡ್‌ವೇರ್, ಇವುಗಳ ಗಿರಾಕಿ ಯಾವಾಗಲೂ ಸುತ್ತಲ ಹಳ್ಳಿಯವರೇ.

ಇನ್ನೊಂದು ವಿಷಯ ಎಲ್ಲರೂ ಮರೀತಾರೆ. ಬೈಪಾಸ್ ಬಂದ ವರ್ಷವೇ ಮಳೆಯೂ ಕೈ ಕೊಟ್ಟಿತು. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ. ಕಾವೇರಿ ಗಲಾಟೆ ಶುರುವಾಯ್ತು. ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್ ಆಯ್ತು, ಮುಷ್ಕರದ ದಿನಗಳಲ್ಲಿ ಎಷ್ಟು ಸಲ ಶಟರ್ ಎಳೆದಿದ್ದೀರಿ ನೀವೇ ನೆನಪಿಸಿಕೊಳ್ಳಿ. ನಾಲೆಯಲ್ಲಿ ನೀರಿಲ್ಲ ಅಂದರೆ ಬೆಳೆ ಇಲ್ಲ, ಬೆಳೆ ಇಲ್ಲ ಅಂದರೆ ಪೇಟೆಗೆ ಬರೋ ದುಡ್ಡೂ ಇಲ್ಲ. ಎರಡು ಏಟು ಒಂದೇ ವರ್ಷ ಬಿತ್ತು, ಕಣ್ಣಿಗೆ ಕಂಡಿದ್ದು ರಸ್ತೆ, ಹಾಗಾಗಿ ಬೈಗುಳ ಎಲ್ಲ ಅದಕ್ಕೆ ಹೋಯ್ತು.

ನಿಮ್ಮ ಬಿಲ್ ಪುಸ್ತಕ ತೆಗೆದು ತಿಂಗಳು ತಿಂಗಳು ನೋಡಿ. ಕಬ್ಬಿನ ಬಟವಾಡೆ ಯಾವಾಗ ಆಗಿದೆ, ನಿಮ್ಮ ವ್ಯಾಪಾರ ಯಾವಾಗ ಏರಿದೆ, ಎರಡೂ ಪಕ್ಕಪಕ್ಕ ಇಡಿ. ಕಾನೂನಿನ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತನ ಕೈಗೆ ಹಣ ಬರಬೇಕು. ತಡ ಆದರೆ ರೈತನಿಗೆ ಮಾತ್ರ ಅಲ್ಲ ನಷ್ಟ, ನಿಮಗೂ ಉದ್ರಿ ಬೆಳೆಯುತ್ತೆ. ವರ್ತಕರು ಇದನ್ನು ರೈತ ಸಂಘದ ವಿಷಯ ಅಂತ ಬಿಟ್ಟುಬಿಡುತ್ತಾರೆ. ನನ್ನ ಕೇಳಿದರೆ ಮನವಿಯ ಮೊದಲ ಸಾಲು ಇದೇ ಆಗಬೇಕು. ನಮ್ಮ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ 1933ರಿಂದ ಇದೆ. ನಡುವೆ ನಿಂತುಹೋಗಿ, 2022ರಲ್ಲಿ ಮತ್ತೆ ಕಬ್ಬು ಅರೆಯೋಕೆ ಶುರು ಮಾಡಿತು. ಆ ಚಿಮಣಿಯಲ್ಲಿ ಹೊಗೆ ಬಂದರೆ ಪೇಟೆಗೂ ದುಡ್ಡು ಬಂತು ಅಂತ ಹಿರಿಯ ವ್ಯಾಪಾರಿಗಳಿಗೆ ಗೊತ್ತು, ಈಗಿನವರಿಗೆ ಗೊತ್ತಿಲ್ಲ.

ಬಸರಾಳಿನ ಸೊಸೆ

ನಾನು ವ್ಯಾಪಾರಿ ಅಲ್ಲ, ಗಿರಾಕಿ. ನೀವು ಹುಡುಕುತ್ತಿರೋದು ನನ್ನನ್ನೇ, ಅದಕ್ಕೆ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಅಣ್ಣ.

ಮೊದಲು ಮದುವೆ ಜವಳಿ ಅಂದರೆ ಮಂಡ್ಯ. ಈಗ ನಮ್ಮ ಕಡೆ ಹೆಂಗಸರೆಲ್ಲ ಸೇರಿ ಮೈಸೂರಿಗೇ ಹೋಗಿಬಿಡುತ್ತೇವೆ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ. ಮಂಡ್ಯಕ್ಕೆ ಬಂದ ಮೇಲೆ ಇನ್ನೊಂದು ಬಸ್ಸು ಹತ್ತೋದು ಅಷ್ಟೇ. ಚಾರ್ಜ್ ಇಲ್ಲದ ಮೇಲೆ 45 ಕಿಲೋಮೀಟರ್ ದೂರ ಅನ್ನಿಸಲ್ಲ. ನಿಮ್ಮ ಗ್ರೂಪಿನಲ್ಲಿ ಎಲ್ಲರೂ ಬೈಪಾಸ್ ಬೈತಿದ್ದಾರೆ, ಈ ವಿಷಯ ಯಾರೂ ಎತ್ತಿಲ್ಲ ಅನ್ಸುತ್ತೆ. ಗೃಹಲಕ್ಷ್ಮಿ ಎರಡು ಸಾವಿರ ನಮ್ಮ ಅಕೌಂಟಿಗೇ ಬರುತ್ತೆ, ಎಲ್ಲಿ ಖರ್ಚು ಮಾಡಬೇಕು ಅಂತ ನಾವೇ ತೀರ್ಮಾನ ಮಾಡೋದು.

ಮೈಸೂರಿಗೆ ಯಾಕೆ ಹೋಗುತ್ತೇವೆ? ಸೀರೆ ಚೆಂದ ಅಂತ ಮಾತ್ರ ಅಲ್ಲ. ಒಂದೇ ಸುತ್ತಿನಲ್ಲಿ ಸೀರೆ, ಮ್ಯಾಚಿಂಗ್ ಬ್ಲೌಸ್ ಪೀಸ್, ಫಾಲ್, ಲೈನಿಂಗ್, ಕುಚ್ಚು ಕಟ್ಟೋರು, ಬಳೆ, ಹೂವು ಎಲ್ಲಾ ಸಿಗುತ್ತೆ. ಮಂಡ್ಯದಲ್ಲಿ ಸೀರೆ ಒಂದು ಕಡೆ, ಕುಚ್ಚಿಗೆ ಕೊಡೋಕೆ ಯಾರದೋ ಮನೆ ಹುಡುಕಬೇಕು, ಮತ್ತೆ ವಾರ ಬಿಟ್ಟು ಬನ್ನಿ ಅಂತಾರೆ. ಮತ್ತೆ ಬರೋಕೆ ನಮಗೆ ಮನೆಯಲ್ಲಿ ಹಸು ಕರೆಯೋರು ಯಾರು?

ಇನ್ನೊಂದು ಮಾತು, ಗಂಡಸರು ಯಾವ ಮನವಿಯಲ್ಲೂ ಬರೆಯಲ್ಲ. ಪೇಟೆಯಲ್ಲಿ ಹೆಂಗಸರಿಗೆ ಶೌಚಾಲಯ ಎಲ್ಲಿದೆ? ಬಸ್ ಸ್ಟ್ಯಾಂಡ್ ಬಿಟ್ಟರೆ ಮತ್ತೆ ಬಸ್ ಸ್ಟ್ಯಾಂಡೇ. ಅದಕ್ಕೇ ನಾವು ಬೆಳಿಗ್ಗೆಯಿಂದ ನೀರು ಕುಡಿಯದೇ ಬರುತ್ತೇವೆ, ಬೇಗ ಮುಗಿಸಿ ಓಡುತ್ತೇವೆ. ಮೈಸೂರಿನಲ್ಲಿ ದೊಡ್ಡ ಬಟ್ಟೆ ಅಂಗಡಿಗೆ ಹೋದರೆ ಒಳಗೇ ಇರುತ್ತೆ, ಕೂರೋಕೆ ಜಾಗ ಇರುತ್ತೆ, ಅಲ್ಲೇ ಎರಡು ಗಂಟೆ ಇದ್ದು ಜಾಸ್ತಿ ಖರ್ಚು ಮಾಡಿ ಬರುತ್ತೇವೆ. ಕಮಾನಿನ ದುಡ್ಡಲ್ಲಿ ಎರಡು ಒಳ್ಳೆ ಶೌಚಾಲಯ ಕಟ್ಟಿಸಿ, ದಿನಾ ತೊಳೆಯೋಕೆ ಒಬ್ಬರನ್ನಿಡಿ. ಗಿರಾಕಿ ನಿಲ್ಲುತ್ತಾರೆ.

ಸೊಪ್ಪಿನ ಗಾಡಿ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನನಗೆ ಉರಿ ಬಂದಿದ್ದು ಫುಟ್‌ಪಾತ್‌ನವರನ್ನು ಎಬ್ಬಿಸಿ ಅನ್ನೋ ಬೇಡಿಕೆ ನೋಡಿ. ನಮ್ಮಮ್ಮ ಸೊಪ್ಪು ಮಾರಿಯೇ ನಮ್ಮನ್ನು ಓದಿಸಿದ್ದು.

ಮೊದಲು ಕಾನೂನು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಪಟ್ಟಣ ವ್ಯಾಪಾರ ಸಮಿತಿ ಅಂತ ಇರಬೇಕು, ಅದರಲ್ಲಿ ಕನಿಷ್ಠ 40 ಶೇಕಡ ಬೀದಿ ವ್ಯಾಪಾರಿಗಳೇ ಇರಬೇಕು, ಆ ಪೈಕಿ ಮೂರರಲ್ಲಿ ಒಂದು ಪಾಲು ಹೆಂಗಸರು. ಎಲ್ಲಿ ಕೂರಬಹುದು, ಎಷ್ಟು ಹೊತ್ತು ಕೂರಬಹುದು ಅಂತ ಅಲ್ಲಿ ತೀರ್ಮಾನ ಆಗಬೇಕು. ನಿಮ್ಮ ಸಂಘದವರೂ ಆ ಸಮಿತಿಯಲ್ಲಿ ಕೂತು ಮಾತಾಡಬಹುದು. ಅದು ಬಿಟ್ಟು ಎಬ್ಬಿಸಿ ಅಂತ ಬರೆದರೆ ಮನವಿ ಮೂಲೆಗೆ ಹೋಗುತ್ತೆ.

ಎರಡನೇದು ವ್ಯಾಪಾರದ ಮಾತು. ಸೊಪ್ಪು, ಹೂವು, ಹಣ್ಣಿಗೆ ಜನ ದಿನಾ ಬರುತ್ತಾರೆ. ಪಾತ್ರೆಗೆ ಯಾರು ದಿನಾ ಬರುತ್ತಾರೆ? ಅಮ್ಮನ ಹತ್ತಿರ ಕಟ್ಟು ದಂಟಿನ ಸೊಪ್ಪು ತಗೊಂಡು, ತಲೆ ಎತ್ತಿದಾಗ ಎದುರಿಗೆ ನಿಮ್ಮ ಅಂಗಡಿ ಕಾಣುತ್ತೆ, ಆಗ ಕುಕ್ಕರ್ ಗ್ಯಾಸ್ಕೆಟ್ ಹೋಗಿದೆ ಅಂತ ನೆನಪಾಗುತ್ತೆ. ಅವರನ್ನು ಊರಾಚೆ ಯಾವುದೋ ಕಟ್ಟೆಗೆ ಕಳಿಸಿದರೆ ನಿಮ್ಮ ಬೀದಿಯಲ್ಲಿ ಓಡಾಟವೇ ಇರಲ್ಲ.

ಮತ್ತೆ ಪಾರ್ಕಿಂಗ್. ಬೆಳಿಗ್ಗೆ ಹತ್ತಕ್ಕೆ ಬಂದು ಅಂಗಡಿ ಮುಂದೆ ಗಾಡಿ ನಿಲ್ಲಿಸಿ ರಾತ್ರಿ ಒಂಬತ್ತಕ್ಕೆ ತೆಗೆಯೋದು ಯಾರು? ಮಾಲೀಕರು ಮತ್ತು ಅವರ ಅಂಗಡಿ ಹುಡುಗರು. ಗಿರಾಕಿಗೆ ಜಾಗ ಇಲ್ಲ ಅಂತ ಅವರೇ ಕೂಗೋದು. ದಿನಪೂರ್ತಿ ನಿಲ್ಲೋ ಗಾಡಿಗಳಿಗೆ ಸ್ವಲ್ಪ ದೂರದಲ್ಲಿ ಖಾಲಿ ಸೈಟು ನೋಡಿ, ಎಲ್ಲಾ ವರ್ತಕರೂ ತಿಂಗಳಿಗಿಷ್ಟು ಅಂತ ಹಾಕಿ ಬಾಡಿಗೆಗೆ ಹಿಡಿದರೆ ಅರ್ಧ ಬೀದಿ ಖಾಲಿ ಆಗುತ್ತೆ. ಇದಕ್ಕೆ ಸರ್ಕಾರವೇ ಬೇಕಿಲ್ಲ.

ಸರಸ್ವತಿಪುರಂ ಬಾಡಿಗೆದಾರ

ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಊರಲ್ಲಿ ಎಲ್ಲಾ ಸರಿ ಇದೆ ಅಂದುಕೊಳ್ಳಬೇಡಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಕುಸಿಯಿತು. ಆಮೇಲೆ ಒಡೆದು ಕಟ್ಟಬೇಕಾ, ರಿಪೇರಿ ಮಾಡಬೇಕಾ ಅಂತ ವರ್ಷಗಟ್ಟಲೆ ಕೋರ್ಟು, ವರದಿ, ಸಭೆ. ಅಷ್ಟು ವರ್ಷವೂ ಒಳಗೆ ಕೂತ ವ್ಯಾಪಾರಿ ಅಂಗಡಿಗೆ ಒಂದು ಹೊಸ ಶೆಲ್ಫ್ ಹಾಕಿಸೋಕೂ ಹಿಂದೆ ಮುಂದೆ ನೋಡಬೇಕು, ನಾಳೆ ಇಲ್ಲಿರುತ್ತೇನೋ ಇಲ್ಲವೋ ಗೊತ್ತಿಲ್ಲವಲ್ಲ. ಕಟ್ಟಡಕ್ಕಿಂತ ಈ ಅನಿಶ್ಚಿತತೆಯೇ ವ್ಯಾಪಾರವನ್ನು ಜಾಸ್ತಿ ಕೊಲ್ಲುತ್ತೆ. ಪುರಭವನದ ಕೆಳಗೆ ಪಾರ್ಕಿಂಗ್ ಅಂತ ಶುರು ಮಾಡಿದ್ದು ಎಷ್ಟು ವರ್ಷ ಕುಂಟಿತು ಅಂತ ಮೈಸೂರಿನವರನ್ನು ಕೇಳಿ, ನಕ್ಕುಬಿಡುತ್ತಾರೆ. ದೊಡ್ಡ ಕಟ್ಟಡ ಕೇಳೋ ಮುಂಚೆ ಹತ್ತು ಸಲ ಯೋಚಿಸಿ. ಸೊಪ್ಪಿನ ಗಾಡಿಯವರ ಖಾಲಿ ಸೈಟು ಐಡಿಯಾ ಬೆಸ್ಟ್.

ನಮ್ಮಲ್ಲೂ ಹೊರಗಿನ ಬಡಾವಣೆಯವರು ಪೇಟೆಗೆ ಬರೋದು ಕಡಿಮೆ ಆಗಿದೆ. ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ ಕಡೆಯವರು ಕುವೆಂಪುನಗರ, ವಿಜಯನಗರದಲ್ಲೇ ಮುಗಿಸಿಕೊಳ್ಳುತ್ತಾರೆ. ಹಾಗಿದ್ದೂ ಸಂತೇಪೇಟೆ, ಶಿವರಾಂಪೇಟೆಗೆ ಜನ ಬರುತ್ತಾರೆ ಅಂದರೆ ಒಂದೇ ಬಗೆಯ ಅಂಗಡಿಗಳು ಸಾಲಾಗಿವೆ ಅಂತ. ಒಂದು ಕಡೆ ಸಿಗದಿದ್ದರೆ ಪಕ್ಕದಲ್ಲಿ ಸಿಗುತ್ತೆ ಅನ್ನೋ ಧೈರ್ಯ ಗಿರಾಕಿಗೆ. ನೀವೂ ಪಕ್ಕದ ಅಂಗಡಿಯವನನ್ನು ವೈರಿ ಅಂದುಕೊಳ್ಳಬೇಡಿ.

ಒಂದು ವಿಷಯದಲ್ಲಿ ಲೆಕ್ಕ ಬರೆಯೋರ ಮಾತು ನಾನು ಪೂರ್ತಿ ಒಪ್ಪಲ್ಲ. ರಸ್ತೆಯ ಗಿರಾಕಿಯನ್ನು ಹಾಗೇ ಕೈ ಬಿಡಬೇಡಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕು, ಆಟೋ, ಟ್ರಾಕ್ಟರ್ ಬಿಡಲ್ಲ. ಬೈಕಿನವರೆಲ್ಲ ಸರ್ವಿಸ್ ರಸ್ತೆ, ಹಳೆ ರಸ್ತೆಯಲ್ಲೇ ಬರಬೇಕು. ಬೆಂಗಳೂರಿನಿಂದ ಬೈಕಲ್ಲಿ ಬರೋ ಹುಡುಗರು ತಿಂಡಿಗೆ ನಿಲ್ಲಲೇಬೇಕು. ಅವರಿಗೆ ಕಮಾನು ಬೇಡ, ಕ್ಲೀನಾಗಿರೋ ಜಾಗ, ಮ್ಯಾಪಿನಲ್ಲಿ ಸರಿಯಾದ ಟೈಮು, ನಾಲ್ಕು ಫೋಟೋ ಸಾಕು. ಮತ್ತೆ ಬೆಲ್ಲ! ಮಂಡ್ಯ ಜಿಲ್ಲೆಗೆ ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಬಂದಿರೋದೇ ಬೆಲ್ಲ. ಮೈಸೂರಿನಲ್ಲಿ ಜನ ಒಳ್ಳೆ ಬೆಲ್ಲ ಹುಡುಕುತ್ತಾರೆ. ಮಂಡ್ಯ ಪೇಟೆಯೊಳಗೆ ಬಂದು ಎಲ್ಲಿ ಸಿಗುತ್ತೆ ಅಂತ ಕೇಳಿದರೆ ಎಪಿಎಂಸಿಗೆ ಹೋಗಿ ಅಂತಾರೆ. ಅಲ್ಲಿ ಮೂಟೆ ಲೆಕ್ಕ. ನನಗೆ ಬೇಕಾಗಿರೋದು ಎರಡು ಕೆಜಿ.

ಲೆಕ್ಕ ಬರೆಯೋನು

ಬೆಲ್ಲದ ಮಾತು ಒಪ್ಪಿದೆ ಸಾರ್. ಕಿರು ಆಹಾರ ಘಟಕಗಳಿಗೆ ಪಿಎಂಎಫ್ಎಂಇ ಅಂತ 2020ರಲ್ಲಿ ಬಂದ ಯೋಜನೆಯಲ್ಲಿ ಕೇಂದ್ರದ್ದು 35 ಶೇಕಡ, ಮೇಲೆ ರಾಜ್ಯದ್ದು 15, ಸೇರಿ ಅರ್ಧ ಸಬ್ಸಿಡಿ, 15 ಲಕ್ಷದ ಮಿತಿ. ಆದರೆ ಬ್ಯಾಂಕ್ ಸಾಲ ಮಂಜೂರಾದರೆ ಮಾತ್ರ, ಕೈಗೆ ಸುಮ್ನೆ ಕೊಡಲ್ಲ. ಆಲೆಮನೆ ಇಟ್ಟವರ ಮಕ್ಕಳು ಯಾರಾದರೂ ಅರ್ಧ ಕೆಜಿ, ಒಂದು ಕೆಜಿ ಪ್ಯಾಕ್ ಮಾಡಿ, ಯಾವ ಊರಿನ ಆಲೆಮನೆ, ಯಾವ ದಿನ ಕಾಯಿಸಿದ್ದು ಅಂತ ಚೀಟಿ ಹಾಕಿ ಪೇಟೆಯಲ್ಲೇ ಕೌಂಟರ್ ಇಟ್ಟರೆ ನಡೆಯುತ್ತೆ. ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿ ಬಣ್ಣ ಬಿಳಿ ಮಾಡಿದ್ದಲ್ಲ, ಕಂದು ಬಣ್ಣದ್ದೇ.

ಇನ್ನೊಂದು ವಿಷಯ ನಡುವೆ ಹೇಳಿಬಿಡುತ್ತೇನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂತಲ್ಲ, ಆಗಿನಿಂದ ಎಷ್ಟೋ ಅಂಗಡಿಗಳಲ್ಲಿ ಸ್ಕ್ಯಾನರ್ ತೆಗೆದು ಕ್ಯಾಶ್ ಮಾತ್ರ ಅಂತ ಬೋರ್ಡು ಹಾಕಿದರು. ಇದು ಕಾಲಿಗೆ ಕೊಡಲಿ ಹಾಕಿಕೊಂಡ ಹಾಗೆ. ಹುಡುಗರ ಜೇಬಲ್ಲಿ ಕ್ಯಾಶೇ ಇರಲ್ಲ, ಅವರು ಫೋನಲ್ಲಿ ಆರ್ಡರ್ ಹಾಕುತ್ತಾರೆ. ಸರಕಿನ ವ್ಯಾಪಾರದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಆದರೆ ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಅನ್ನೋ ಸರಳ ಪದ್ಧತಿಯಲ್ಲಿ ವಹಿವಾಟಿನ ಮೇಲೆ ಒಂದು ಶೇಕಡ ಕಟ್ಟಿ ನೆಮ್ಮದಿಯಾಗಿ ಇರಬಹುದು. ಹಾಲು, ಸೊಪ್ಪು, ತರಕಾರಿಗೆ ತೆರಿಗೆಯೇ ಇಲ್ಲ. ನಿಮ್ಮ ಪಾತ್ರೆಗೂ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ 12 ಶೇಕಡದಿಂದ 5ಕ್ಕೆ ಇಳಿಯಿತು. ಗಿರಾಕಿಗೆ ಅದನ್ನು ಹೇಳಿದ್ದೀರಾ? ಬೋರ್ಡು ಹಾಕಿ.

ಏಳೂವರೆ ಟ್ರೈನ್

ನಾನು ದಿನಾ ಬೆಂಗಳೂರಿಗೆ ಟ್ರೈನಲ್ಲಿ ಹೋಗಿಬರೋನು. ನನ್ನಂಥವರು ಸ್ಟೇಷನ್ ತುಂಬಾ ಇದ್ದಾರೆ. ಸಂಬಳ ಬರೋದು ಬೆಂಗಳೂರಲ್ಲಿ, ಮನೆ ಇರೋದು ಮಂಡ್ಯದಲ್ಲಿ. ಖರ್ಚು ಎಲ್ಲಿ ಮಾಡುತ್ತೇವೆ? ಬೆಂಗಳೂರಲ್ಲೇ. ಯಾಕಂದರೆ ರಾತ್ರಿ ಇಳಿಯೋ ಹೊತ್ತಿಗೆ ನಿಮ್ಮ ಶಟರ್ ಅರ್ಧ ಇಳಿದಿರುತ್ತೆ. ತೆರೆದಿರೋದು ಮೆಡಿಕಲ್ ಮತ್ತು ಬೇಕರಿ. ಒಳಗೆ ಬಂದರೆ ಗುಡಿಸುತ್ತಾ ಇರೋ ಹುಡುಗ "ನಾಳೆ ಬನ್ನಿ ಸಾರ್" ಅಂತಾನೆ. ನಾಳೆಯೂ ನಾನು ಇದೇ ಟ್ರೈನಿಗೆ ಬರೋದು ಗುರು!

ಎಲ್ಲಾ ಅಂಗಡಿ ಬೇಡ. ವಾರದಲ್ಲಿ ಎರಡು ದಿನ ಒಂದು ಬೀದಿಯವರು ಹತ್ತರವರೆಗೆ ತೆರೆದು ನೋಡಿ. ಇಲ್ಲಾ ವಾಟ್ಸಾಪಲ್ಲಿ ಫೋಟೋ ಹಾಕಿ, ದುಡ್ಡು ಮೊದಲೇ ಕಳಿಸುತ್ತೇವೆ, ಕವರ್ ಕಟ್ಟಿ ಸ್ಟೇಷನ್ ಹತ್ತಿರ ಯಾವುದಾದರೂ ಬೇಕರಿಯಲ್ಲಿ ಇಟ್ಟಿರಿ.

ಪಾತ್ರೆ ಅಂಗಡಿ ಮಂಡ್ಯ

ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕದವರು ಹೇಳಿದ ಮೇಲೆ ಬಿಲ್ ಪುಸ್ತಕಕ್ಕಿಂತ ಒಳ್ಳೇದು ಒಂದು ಸಿಕ್ಕಿತು. ನಮ್ಮಲ್ಲಿ ಮುಯ್ಯಿಗೆ ಪಾತ್ರೆ ತಗೊಂಡರೆ ಮಷೀನಲ್ಲಿ ಹೆಸರು ಕೊರೆದು ಕೊಡುತ್ತೇವೆ. ಯಾರಿಂದ, ಯಾವ ಊರು, ಯಾವ ತಾರೀಕು. ತಪ್ಪು ಕೊರೆದರೆ ಪಾತ್ರೆಯೇ ಹಾಳು, ಅದಕ್ಕೆ ಮೊದಲು ಒಂದು ನೋಟ್‌ಬುಕ್‌ನಲ್ಲಿ ಗಿರಾಕಿ ಕೈಯಲ್ಲೇ ಬರೆಸಿಕೊಳ್ಳುತ್ತೇವೆ. ಹಳೆಯ ನೋಟ್‌ಬುಕ್‌ಗಳನ್ನು ರಾತ್ರಿ ಕೂತು ತಿರುವಿ ನೋಡಿದೆ. ಬಸರಾಳು, ಕೆರಗೋಡು, ದುದ್ದ, ಶಿವಳ್ಳಿ, ಕೊಪ್ಪ, ಹೊಳಲು, ಕೀಲಾರ. ಬೆಂಗಳೂರು ಹುಡುಕಿದರೂ ಇಲ್ಲ. ಹೊಸ ಪುಸ್ತಕದಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ ಕಡೆ ಊರುಗಳು ಕಡಿಮೆ ಆಗಿವೆ, ಅವರು ಮೈಸೂರಿಗೆ ಹೋಗುತ್ತಿರಬೇಕು. ಉಳಿದವರು ಬರುತ್ತಿದ್ದಾರೆ, ಆದರೆ ಒಬ್ಬೊಬ್ಬರು ತಗೊಳ್ಳೋದು ಕಡಿಮೆ. ಮೊದಲು ಕೊಳದಪ್ಪಲೆ, ಈಗ ಊಟದ ತಟ್ಟೆ.

ಕಮಾನು ಕೈ ಬಿಡೋಕೆ ಗ್ರೂಪಿನಲ್ಲಿ ಜಗಳ ಆಗುತ್ತೆ, ಒಬ್ಬರು ಆಗಲೇ ಡಿಸೈನ್ ಮಾಡಿಸಿ ಹಾಕಿದ್ದಾರೆ. ಶೌಚಾಲಯ ಮತ್ತು ಕಬ್ಬಿನ ಬಾಕಿ, ಇವೆರಡನ್ನು ಮೇಲೆ ಬರೆಸುತ್ತೇನೆ. ಖಾಲಿ ಸೈಟು ನೋಡಿದ್ದೇನೆ, ಮಾಲೀಕರು ಅಡ್ವಾನ್ಸ್ ಜಾಸ್ತಿ ಕೇಳುತ್ತಿದ್ದಾರೆ. ಅಕ್ಕ, ಕುಚ್ಚು ಕಟ್ಟೋರು ಯಾರಾದರೂ ನಿಮ್ಮ ಕಡೆ ಇದ್ದರೆ ಹೇಳಿ. ನಮ್ಮ ಅಂಗಡಿ ಮೇಲೆ ಒಂದು ರೂಮು ಖಾಲಿ ಬಿದ್ದಿದೆ, ಪಕ್ಕದಲ್ಲೇ ಸೀರೆ ಅಂಗಡಿ.

ಬಸರಾಳಿನ ಸೊಸೆ

ನಮ್ಮ ಸ್ತ್ರೀಶಕ್ತಿ ಸಂಘದಲ್ಲೇ ಇಬ್ಬರು ಚೆನ್ನಾಗಿ ಕಟ್ಟುತ್ತಾರೆ. ಬಾಡಿಗೆ ಎಷ್ಟು ಅಂತ ಮೊದಲು ಹೇಳಿ ಅಣ್ಣ. ಮೆಟ್ಟಿಲು ಕಿರಿದಾಗಿದ್ದರೆ ವಯಸ್ಸಾದವರು ಹತ್ತಲ್ಲ, ಅದನ್ನೂ ಹೇಳಿ.

ಲೆಕ್ಕ ಬರೆಯೋನು

ಮನವಿ ಕೊಡುವಾಗ ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಕಬ್ಬಿನ ಬಾಕಿ ವಿಷಯ ನಗರಸಭೆಗೆ ಕೊಟ್ಟು ಪ್ರಯೋಜನ ಇಲ್ಲ, ಅದು ಡಿಸಿ ಕಚೇರಿಗೆ ಹೋಗಬೇಕು. ಶೌಚಾಲಯದ್ದು ನಗರಸಭೆಗೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅವರು ಇವರ ಮೇಲೆ, ಇವರು ಅವರ ಮೇಲೆ ಹಾಕುತ್ತಾರೆ.